ಮಾರ್ಚ್ 31ರ ಸಹಿ

ಮಗನೇ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ದೊಡ್ಡಮ್ಮ ನುಣುಚಿಕೊಂಡಳು ಅಂತ ನಿನಗೆ ಅನ್ನಿಸಿರಬೇಕು. ಹಿಂದಿನಿಂದ ಕಂಟ್ರಾಕ್ಟರನ ದನಿ ಕೇಳಿಸುತ್ತಿತ್ತು. ಅವನದೇ ಗಾಡಿಯಲ್ಲಿ ಕೂತಿದ್ದೆಯಲ್ಲವೇ? ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀನು ಹೇಳಿದ್ದು ನನಗೆ ಸರಿಯಾಗಿ ಅರ್ಥವಾಗಿದೆಯೇ ನೋಡು.

ಶಾಲೆಗೆ ಎರಡು ಕೊಠಡಿ ಮಂಜೂರಾಗಿವೆ. ಒಂದು ಮುಗಿದಿದೆ. ಇನ್ನೊಂದು ಲಿಂಟಲ್ ಮಟ್ಟಕ್ಕೆ ಬಂದು ನಿಂತಿದೆ, ಸ್ಲ್ಯಾಬ್ ಹಾಕಿಲ್ಲ. ಮಾರ್ಚ್ 31ರೊಳಗೆ ಬಿಲ್ ಪಾಸಾಗದಿದ್ದರೆ ಉಳಿದ ಅನುದಾನ ಲ್ಯಾಪ್ಸ್ ಆಗುತ್ತದೆ. ಸಾಹೇಬರು ಕರೆದು, ‘ಎರಡಕ್ಕೂ ಪೂರ್ತಿ ಎಂ.ಬಿ. ಬರೆದುಬಿಡಪ್ಪ, ಏಪ್ರಿಲ್‌ನಲ್ಲಿ ಅವನು ಮುಗಿಸಿಕೊಡ್ತಾನೆ, ಏನಾದ್ರೂ ಬಂದ್ರೆ ನಾನು ನೋಡ್ಕೋತೀನಿ’ ಅಂದಿದ್ದಾರೆ. ಎಂ.ಬಿ., ಅಂದರೆ ಅಳತೆ ಪುಸ್ತಕದಲ್ಲಿ, ಎರಡೂ ಮುಗಿದಿವೆ ಅಂತ ನೀನು ಬರೆಯಬೇಕು. ದುಡ್ಡಿನ ಮಾತು ಯಾರೂ ಎತ್ತಿಲ್ಲ. ಸಾಹೇಬರು ಕೆಟ್ಟವರಲ್ಲ. ಕಂಟ್ರಾಕ್ಟರೂ ಸಣ್ಣವನು, ಬಡ್ಡಿಗೆ ಸಾಲ ತಂದು ಕಬ್ಬಿಣ ಇಳಿಸಿದ್ದಾನೆ. ಮಕ್ಕಳು ಜಗಲಿಯಲ್ಲಿ ಕೂತು ಪಾಠ ಕೇಳುತ್ತಿವೆ. ಬರೆದರೆ ಎಲ್ಲರಿಗೂ ಒಳ್ಳೆಯದು, ಬರೆಯದಿದ್ದರೆ ಎಲ್ಲರಿಗೂ ತೊಂದರೆ. ಹೀಗಿರುವಾಗ ‘ಇದರಲ್ಲಿ ತಪ್ಪೇನು ದೊಡ್ಡಮ್ಮ?’ ಅಂತ ನಿನ್ನ ಪ್ರಶ್ನೆ.

ಯಾರಾದರೂ ನೋಟಿನ ಲಕೋಟೆ ನಿನ್ನ ಮುಂದೆ ಚಾಚಿದ್ದರೆ ನೀನು ನನಗೆ ಫೋನೇ ಮಾಡುತ್ತಿರಲಿಲ್ಲ. ನಿಮ್ಮಪ್ಪ ನಿನ್ನನ್ನು ಬೆಳೆಸಿದ ರೀತಿ ನನಗೆ ಗೊತ್ತು, ಎದ್ದು ಬರುತ್ತಿದ್ದೆ ಅಷ್ಟೇ. ಈಗ ನಿನ್ನನ್ನು ಕಾಡುತ್ತಿರುವುದು ಒಳ್ಳೆಯ ಕೆಲಸಕ್ಕಾಗಿ ಬರೆಯಬೇಕಾಗಿ ಬಂದಿರುವ ಸುಳ್ಳು. ನಾನು ಕಂಡಂತೆ ಒಳ್ಳೆಯ ಹುಡುಗರು ಜಾರುವುದು ಬಹುಪಾಲು ಇಲ್ಲಿಂದಲೇ. ದುಡ್ಡು ಆಮೇಲೆ ಬರುತ್ತದೆ, ಸದ್ದಿಲ್ಲದೆ ಬರುತ್ತದೆ.

ಡಿವಿಜನ್ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಕೂದಲು ನರೆಸಿಕೊಂಡವಳು ನಾನು. ಕಾಂಕ್ರೀಟ್ ಸುರಿದದ್ದನ್ನು ನೋಡಿದ್ದು ಕಡಿಮೆ, ಸುರಿದೆವು ಅಂತ ಬರೆದದ್ದನ್ನು ನೋಡಿದ್ದು ಜಾಸ್ತಿ. ಹಾಗಾಗಿ ಎಂ.ಬಿ. ಬಗ್ಗೆ ಒಂದು ಮಾತು ಹೇಳುವ ಹಕ್ಕು ನನಗಿದೆ.

ಆ ಪುಸ್ತಕಕ್ಕೆ ಅಷ್ಟೊಂದು ಕಟ್ಟುಪಾಡು ಯಾಕೆ ಅಂತ ಯೋಚಿಸಿದ್ದೀಯಾ? ಪ್ರತಿ ಪುಟಕ್ಕೂ ಸಂಖ್ಯೆ. ಹಾಳೆ ಹರಿಯುವಂತಿಲ್ಲ, ನಡುವೆ ಖಾಲಿ ಬಿಡುವಂತಿಲ್ಲ. ತಪ್ಪಾದರೆ ಅಳಿಸುವಂತಿಲ್ಲ. ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮತ್ತು ದಿನಾಂಕ ಹಾಕಬೇಕು. ಚೀಟಿಯಲ್ಲಿ ಗೀಚಿಕೊಂಡು ಬಂದು ಕಚೇರಿಯಲ್ಲಿ ನಕಲು ಮಾಡುವಂತಿಲ್ಲ, ಅಳತೆ ತೆಗೆದ ಜಾಗದಲ್ಲೇ ಬರೆಯಬೇಕು. ಇಡೀ ಸಾಲಿನಲ್ಲಿ ಕೆಲಸವನ್ನು ಕೈಯಾರೆ ಅಳೆಯುವವನು ನೀನು. ನಿನ್ನ ಮೇಲಿನ ಎ.ಇ.ಇ. ಚೆಕ್ ಮೆಷರ್‌ಮೆಂಟ್‌ಗೆ ಬಂದಾಗಲೂ ನೀನು ಬರೆದ ಅಂಕಿಗಳಲ್ಲಿ ಕೆಲವನ್ನು ತಾಳೆ ನೋಡುತ್ತಾರೆ. ಅವರ ಮೇಲಿನವರು ಅವರ ಸಹಿ ನೋಡುತ್ತಾರೆ. ನಾನು ನೋಡುತ್ತಿದ್ದದ್ದು ಗುಣಾಕಾರ, ದರ, ಕಡಿತ. ಖಜಾನೆಯವರಿಗೆ ಬರುವುದು ಬರೀ ಬಿಲ್ಲು. ಮೇಲಿನವರೆಲ್ಲ ಕೆಳಗಿನ ಒಂದು ಸಾಲನ್ನು ನಂಬಿ ಸಹಿ ಹಾಕುತ್ತ ಹೋಗುತ್ತಾರೆ. ಆ ಒಂದು ಸಾಲು ನಿನ್ನದು.

ಈಗ ನಿನ್ನ ‘ಎಲ್ಲರಿಗೂ ಒಳ್ಳೆಯದು’ ಎಂಬ ಲೆಕ್ಕ ಬಿಡಿಸಿ ನೋಡೋಣ, ಯಾಕೆಂದರೆ ನಿನಗೆ ನೀತಿಪಾಠ ಹೇಳಿದರೆ ಕೇಳುವುದಿಲ್ಲ, ಲೆಕ್ಕ ಹೇಳಿದರೆ ಕೇಳುತ್ತೀಯ. ನೀನು ಪೂರ್ತಿ ಅಳತೆ ಬರೆದ ಮರುದಿನ ಆ ಕೊಠಡಿಗೆ ಏನಾಗುತ್ತದೆ? ಫೈನಲ್ ಬಿಲ್ ಆಗುತ್ತದೆ. ಅದರ ಹಿಂದೆಯೇ ಕಾಮಗಾರಿ ಪೂರ್ಣಗೊಂಡ ವರದಿ ಹೋಗುತ್ತದೆ. ಹಣ ಬಳಕೆ ಪ್ರಮಾಣಪತ್ರ ಹೋಗುತ್ತದೆ. ಶಾಲೆಯ ಕೊಠಡಿಗಳ ಪಟ್ಟಿಯಲ್ಲಿ ಒಂದು ಸಂಖ್ಯೆ ಏರುತ್ತದೆ. ಅಲ್ಲಿಗೆ ಸರ್ಕಾರದ ಕಣ್ಣಿಗೆ ಆ ಊರಿಗೆ ಕೊಠಡಿಯ ಕೊರತೆ ಇಲ್ಲ. ಏಪ್ರಿಲ್‌ನಲ್ಲಿ ಕಂಟ್ರಾಕ್ಟರ್ ಬಂದು ಮುಗಿಸಿದರೆ ಸರಿ. ಬಾರದಿದ್ದರೆ? ಅವನ ಮೇಲೆ ಇನ್ನೊಂದು ಸಾಲ ಬಿದ್ದು, ಈ ದುಡ್ಡು ಅತ್ತ ಹೋದರೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಆಗ ಹೆಡ್‌ಮಾಸ್ಟರು ಅರ್ಜಿ ಹಿಡಿದು ಬಂದರೆ ‘ನಿಮ್ಮ ಕೊಠಡಿ ಮುಗಿದಿದೆಯಲ್ರೀ’ ಅಂತ ಕಡತ ತೋರಿಸಿ ಕಳಿಸುತ್ತಾರೆ. ಅರ್ಧ ಕಟ್ಟಿದ ಕೊಠಡಿಗೆ ಮುಂದಿನ ವರ್ಷ ಅನುದಾನ ಕೇಳಬಹುದು. ಕಾಗದದಲ್ಲಿ ಪೂರ್ತಿಯಾದ ಕೊಠಡಿಗೆ ಯಾವ ತಲೆಬರಹದಲ್ಲಿ ಕೇಳುತ್ತೀಯ? ಮಕ್ಕಳಿಗಾಗಿ ಬರೆಯುತ್ತೇನೆ ಅಂದುಕೊಂಡ ಸುಳ್ಳು ಮೊದಲು ಬಾಯಿ ಮುಚ್ಚಿಸುವುದು ಆ ಮಕ್ಕಳದ್ದೇ.

ಇನ್ನು ಏಪ್ರಿಲ್ ಅಂದದ್ದು. ಎಂಜಿನಿಯರಿಂಗ್ ಓದಿದವನು ನೀನು, ನಾನು ಹೇಳಬೇಕಾಗಿಲ್ಲ. ಕಾಂಕ್ರೀಟಿನ ಮಾನಕ ಐ.ಎಸ್. 456ರ ಪ್ರಕಾರ ನಾಲ್ಕೂವರೆ ಮೀಟರಿಗಿಂತ ಹೆಚ್ಚಿನ ಸ್ಪ್ಯಾನ್ ಇರುವ ಸ್ಲ್ಯಾಬ್‌ನ ಕೆಳಗಿನ ಆಸರೆಯನ್ನು 14 ದಿನ ತೆಗೆಯಬಾರದು. ಪರೀಕ್ಷೆಯ ಕಾಂಕ್ರೀಟ್ ಕ್ಯೂಬಿನ ಗಟ್ಟಿತನ ತೀರ್ಮಾನ ಮಾಡುವುದು 28ನೇ ದಿನ. ಬೇಸಿಗೆಯ ಬಿಸಿಲಲ್ಲಿ ದಿನವಿಡೀ ತೇವ ಆರದಂತೆ ನೋಡಿಕೊಳ್ಳಬೇಕು, ನೀರು ಹೊರುವವನಿಗೆ ಕೂಲಿ ಕೊಡಬೇಕು. ಬಿಲ್ ಬಾಕಿ ಇದ್ದಾಗ ಕಂಟ್ರಾಕ್ಟರ್ ನಿನ್ನ ಮಾತು ಕೇಳುತ್ತಾನೆ, ‘ಸಾರ್, ಇನ್ನೊಂದು ವಾರ ನೀರು ಹೊಡಿಸ್ತೀನಿ’ ಅನ್ನುತ್ತಾನೆ. ಪೂರ್ತಿ ದುಡ್ಡು ಕೈಗೆ ಬಂದ ಮೇಲೆ ಅವನು ಐದನೇ ದಿನಕ್ಕೇ ಸೆಂಟ್ರಿಂಗ್ ಬಿಚ್ಚಿಸಿ ಬೇರೆ ಸೈಟಿಗೆ ಸಾಗಿಸಿದರೆ ಯಾವ ಬಾಯಲ್ಲಿ ಬೇಡ ಅನ್ನುತ್ತೀಯ? ಆ ಸ್ಲ್ಯಾಬ್ ನೀನು ಆಗಲೇ ಅಳೆದು ಸಹಿ ಹಾಕಿರುವ ಸ್ಲ್ಯಾಬ್. ಅದರ ಕೆಳಗೆ ಕೂರುವವರು ಆರೇಳು ವರ್ಷದ ಮಕ್ಕಳು.

ಕಂಟ್ರಾಕ್ಟರಿಗೆ ತಿಳಿಯುವ ಇನ್ನೊಂದು ಸಂಗತಿ ಇದೆ. ಈ ಜೂನಿಯರ್ ಎಂಜಿನಿಯರ್ (ಜೆ.ಇ.) ಬರೆಯುತ್ತಾನೆ ಅನ್ನುವುದು. ಈ ಸುದ್ದಿ ತಾಲ್ಲೂಕಿನಲ್ಲಿ ಹರಡಲು ಎರಡು ಟೀ ಕುಡಿಯುವಷ್ಟು ಹೊತ್ತು ಸಾಕು. ಮುಂದಿನ ವರ್ಷ ಇನ್ನೊಬ್ಬ ಬಂದು, ‘ಅವರಿಗೆ ಹೋದ ಮಾರ್ಚಲ್ಲಿ ಬರ್ಕೊಟ್ರಲ್ಲ ಸಾರ್, ನಮಗ್ಯಾಕಿಲ್ಲ?’ ಅನ್ನುತ್ತಾನೆ. ಆ ಹೊತ್ತಿಗೆ ಅಲ್ಲಿ ಶಾಲೆಯೂ ಇರುವುದಿಲ್ಲ, ಮಕ್ಕಳೂ ಇರುವುದಿಲ್ಲ. ಯಾರದೋ ತೋಟಕ್ಕೆ ಹೋಗುವ ರಸ್ತೆ ಇರುತ್ತದೆ. ಆಗಲೂ ನೀನು ಇಲ್ಲ ಅನ್ನಬಹುದು. ಆದರೆ ಅನ್ನುವ ದನಿಯಲ್ಲಿ ಕಸುವು ಇರುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಿಮ್ಮಜ್ಜಿ ಹೇಳುತ್ತಿದ್ದರು. ಅವರು ಹೇಳುತ್ತಿದ್ದದ್ದು ಮದುವೆ ಮನೆಯ ಜಗಳಗಳ ಬಗ್ಗೆ, ಇರಲಿ.

‘ನಾನು ನೋಡ್ಕೋತೀನಿ’ ಅಂದ ಸಾಹೇಬರ ಮಾತು ಮನಃಪೂರ್ವಕವಾದದ್ದೇ ಇರಬಹುದು. ಆದರೆ ಸಾಹೇಬರಿಗೆ ವರ್ಗವಾಗುತ್ತದೆ, ಎಂ.ಬಿ.ಗೆ ವರ್ಗವಿಲ್ಲ. ಮೂರು ವರ್ಷ ಬಿಟ್ಟು ಆಡಿಟ್‌ನವರೋ ತನಿಖೆಯವರೋ ಬಂದಾಗ ಮೊದಲು ತೆಗೆಸುವುದು ಆ ಪುಸ್ತಕ, ಮೊದಲು ಓದುವುದು ಅಳತೆ ತೆಗೆದವನ ಹೆಸರು. ‘ಮೇಲಿನವರು ಹೇಳಿದ್ದರು’ ಅಂದರೆ ‘ಎಲ್ಲಿ, ತೋರಿಸಿ’ ಅನ್ನುತ್ತಾರೆ. ಹಾಗೆ ತೋರಿಸಲಾಗದೆ ನಿಂತವರನ್ನು ನಾನು ನೋಡಿದ್ದೇನೆ. ಒಬ್ಬರಂತೂ ಎಷ್ಟು ಸಭ್ಯರೆಂದರೆ, ಬರೆಸಿದವರ ಹೆಸರನ್ನು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಬರೆಸಿದವರು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದರು.

‘ನಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಾನೆ’ ಅಂತಲೂ ನೀನು ಅಂದೆ. ನಿಜ, ಬರೆಯಬಹುದು. ಸಾಹೇಬರು ನಿನ್ನ ಕೈಯಿಂದ ಆ ಸೆಕ್ಷನ್ ತೆಗೆದು ಇನ್ನೊಬ್ಬ ಜೆ.ಇ.ಗೆ ಕೊಡಬಹುದು. ಕೊಠಡಿಯ ವಿಷಯದಲ್ಲಿ ನಿನ್ನ ನಿರಾಕರಣೆಯಿಂದ ಏನೂ ಬದಲಾಗದಿರಬಹುದು. ಇದಕ್ಕೆ ನನ್ನ ಬಳಿ ಇರುವ ಉತ್ತರ ದೂರದ್ದು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿಗೆ ಆಕಾಶದಲ್ಲೇ ಒಡೆದು, ಒಳಗಿದ್ದ ಏಳು ಜನರೂ ಸತ್ತರು. ಅದರ ಪಕ್ಕದ ರಾಕೆಟ್‌ಗಳನ್ನು ಮಾಡಿಕೊಟ್ಟದ್ದು ಮಾರ್ಟನ್ ಥಯೋಕಾಲ್ ಎಂಬ ಕಂಪನಿ. ಇಷ್ಟು ಚಳಿಯಲ್ಲಿ ರಾಕೆಟ್ ಜೋಡಣೆಯ ರಬ್ಬರ್ ಉಂಗುರಗಳು ಕೈಕೊಡಬಹುದು, ಹಾರಿಸಬೇಡಿ ಅಂತ ಅದರ ಎಂಜಿನಿಯರುಗಳು ಹಿಂದಿನ ರಾತ್ರಿಯೇ ವಾದ ಮಾಡಿದ್ದರು. ಆಡಳಿತದವರು ಕೇಳಲಿಲ್ಲ. ಕಂಪನಿಯ ಪರವಾಗಿ ಉಡಾವಣೆಯ ಸ್ಥಳದಲ್ಲಿದ್ದ ಅಲನ್ ಮೆಕ್‌ಡೊನಾಲ್ಡ್ ಎಂಬ ಎಂಜಿನಿಯರ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಾರೆ ಅಂದರು. ಅವರ ಮೇಲಿನವರು ಹಾಕಿ ಕಳಿಸಿದರು. ನೌಕೆ ಹಾರಿತು.

ಹಾಗಾದರೆ ಆ ನಿರಾಕರಣೆಯಿಂದ ಬಂದದ್ದೇನು? ಆ ಏಳು ಜೀವ ಉಳಿಯಲಿಲ್ಲ. ಆದರೆ ತನಿಖಾ ಆಯೋಗ ಕೂತಾಗ ಮೆಕ್‌ಡೊನಾಲ್ಡ್ ಎದ್ದು ನಿಂತು, ನಡೆದದ್ದನ್ನು ನಡೆದಂತೆ ಹೇಳಬಲ್ಲವರಾಗಿದ್ದರು. ಸಹಿ ಹಾಕಿದ್ದರೆ ಮುಚ್ಚಿಡಬೇಕಾದದ್ದು ಅವರಿಗೂ ಇರುತ್ತಿತ್ತು. ಕಂಪನಿ ಅವರ ಹುದ್ದೆ ಇಳಿಸಿತು. ಅಲ್ಲಿನ ಸಂಸತ್ತು ಕಣ್ಣು ಕೆಂಪಗೆ ಮಾಡಿದ ಮೇಲೆ ಮತ್ತೆ ಮೇಲೆತ್ತಿ, ಅದೇ ಜೋಡಣೆಯನ್ನು ಹೊಸದಾಗಿ ರೂಪಿಸುವ ಹೊಣೆಯನ್ನೇ ಕೊಟ್ಟಿತು. ಎಲ್ಲ ಕತೆಯೂ ಹೀಗೆ ಮುಗಿಯುತ್ತದೆ ಅಂತ ನಾನು ಹೇಳುತ್ತಿಲ್ಲ.

ಮುಗಿಯುವುದಿಲ್ಲ ಅನ್ನುವುದಕ್ಕೆ ನಮ್ಮಲ್ಲೇ ಇಬ್ಬರಿದ್ದಾರೆ. ಸುವರ್ಣ ಚತುಷ್ಪಥ ಹೆದ್ದಾರಿಯ ಕೆಲಸದಲ್ಲಿನ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು, ಗುಟ್ಟು ಉಳಿಯಲಿಲ್ಲ. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಎರಡು ವರ್ಷಕ್ಕೆ ಮಂಜುನಾಥ್ ಷಣ್ಮುಗಂ. ಕೆ.ಜಿ.ಎಫ್‌.ನಲ್ಲಿ ಬೆಳೆದು, ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಓದಿ, ಲಖನೌ ಐ.ಐ.ಎಂ. ಮುಗಿಸಿ ಇಂಡಿಯನ್ ಆಯಿಲ್ ಸೇರಿದ ಹುಡುಗ. ಕಲಬೆರಕೆಯ ಪೆಟ್ರೋಲ್ ಬಂಕಿಗೆ ಬೀಗ ಜಡಿದ ತಪ್ಪಿಗೆ 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. ಈ ಹೆಸರುಗಳನ್ನು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸುವವರು ಸೋಮವಾರ ಬೆಳಿಗ್ಗೆ ನಿನ್ನ ಜತೆ ಕಚೇರಿಗೆ ಬರುವುದಿಲ್ಲ. ನಾನಂತೂ ನನ್ನ ತಂಗಿಯ ಮಗನಿಗೆ ಹುತಾತ್ಮನಾಗು ಅಂತ ಹೇಳಲಾರೆ. ಅವರ ಹೆಸರು ತೆಗೆದದ್ದು ಬೇರೆ ಕಾರಣಕ್ಕೆ. ಅವರ ಮುಂದಿದ್ದದ್ದನ್ನು ನೋಡಿ, ಆಮೇಲೆ ನಿನ್ನ ಮುಂದಿರುವುದನ್ನು ಅಳತೆ ಮಾಡು. ನಿನಗೆ ಏನಾಗಬಹುದು? ಸಾಹೇಬರು ಒಂದಷ್ಟು ದಿನ ಮುಖ ಗಂಟಿಕ್ಕಬಹುದು. ದೂರದ ಸೆಕ್ಷನ್ ಕೊಡಬಹುದು. ಪ್ರೊಬೇಷನ್ ಡಿಕ್ಲೇರ್ ಮಾಡುವ ಕಡತ ಒಂದು ಮೇಜಿನ ಮೇಲೆ ಸುಮ್ಮನೆ ಮಲಗಬಹುದು. ನಿನ್ನ ಅಸಲಿ ಭಯ ಅದೇ ಅಂತ ನನಗೆ ಗೊತ್ತು, ನೀನು ಬಾಯಿ ಬಿಟ್ಟು ಹೇಳದಿದ್ದರೂ. ಅದು ಸಣ್ಣದಲ್ಲ. ಆದರೆ ರಾತ್ರಿ ಹನ್ನೆರಡಕ್ಕೆ ನಿದ್ದೆ ಬಾರದಾಗ ಅದು ಕಾಣುವಷ್ಟು ದೊಡ್ಡದೂ ಅಲ್ಲ.

ಸರಿ, ಮಾಡುವುದೇನು? ಸಾಹೇಬರ ಮುಂದೆ ಹೋಗಿ ‘ಆಗಲ್ಲ ಸಾರ್’ ಅಂತ ಮೇಜು ಗುದ್ದಬೇಡ. ‘ಬರೆದು ಕೊಡಿ, ಮಾಡ್ತೀನಿ’ ಅಂತಲೂ ಅನ್ನಬೇಡ, ಅದು ಉದ್ಧಟತನದ ಹಾಗೆ ಕೇಳಿಸುತ್ತದೆ. ನಾಳೆ ಶನಿವಾರ ಸೈಟಿಗೆ ಹೋಗು. ಆಗಿರುವಷ್ಟು ಕೆಲಸ ಪೂರ್ತಿ ಅಳತೆ ಮಾಡು, ಒಂದು ಇಂಚೂ ಬಿಡಬೇಡ. ಮುಗಿದ ಕೊಠಡಿ ಪೂರ್ತಿ, ಎರಡನೆಯದು ಲಿಂಟಲ್‌ವರೆಗೆ. ದಿನಾಂಕ, ಸ್ಥಳ ಮೂಡುವ ಹಾಗೆ ಫೋಟೋ ತೆಗೆ. ಆ ಅಳತೆಗೆ ಪಾರ್ಟ್ ಬಿಲ್ ತಯಾರಿಸು. ಅವನಿಗೆ ನ್ಯಾಯವಾಗಿ ಬರಬೇಕಾದ ಒಂದು ರೂಪಾಯಿಯೂ ಮಾರ್ಚ್ 31 ದಾಟದ ಹಾಗೆ ಓಡಾಡು. ಬಿಲ್ ಗುಮಾಸ್ತರ ಮೇಜಿನ ಮುಂದೆ ನೀನೇ ನಿಂತು ಮಾಡಿಸು. ಕಂಟ್ರಾಕ್ಟರನ ಬಡ್ಡಿಯ ಸಂಕಟಕ್ಕೆ ನೀನು ಕೊಡಬಹುದಾದ ನಿಜವಾದ ಸಹಾಯ ಅದು.

ಉಳಿದದ್ದಕ್ಕೆ ಒಂದು ಟಿಪ್ಪಣಿ. ಸದರಿ ಕಾಮಗಾರಿಯ ಬಗ್ಗೆ ತಾವು ಮೌಖಿಕವಾಗಿ ಸೂಚಿಸಿದಂತೆ ಸ್ಥಳ ಪರಿಶೀಲಿಸಲಾಗಿ, ಎರಡನೇ ಕೊಠಡಿ ಲಿಂಟಲ್ ಹಂತದಲ್ಲಿದ್ದು, ಪೂರ್ಣಗೊಂಡ ಪ್ರಮಾಣಕ್ಕೆ ಅಳತೆ ದಾಖಲಿಸಿ ಭಾಗಶಃ ಬಿಲ್ ಸಲ್ಲಿಸಿದೆ, ಬಾಕಿ ಮೊತ್ತಕ್ಕೆ ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಮುಂದುವರಿದ ಕಾಮಗಾರಿಯಾಗಿ ಅವಕಾಶ ಕಲ್ಪಿಸಲು ಕೋರಿದೆ, ತಮ್ಮ ಅವಗಾಹನೆಗೆ ಮತ್ತು ಮುಂದಿನ ಆದೇಶಕ್ಕಾಗಿ. ಇಷ್ಟೇ. ದೂರಿಲ್ಲ, ಆರೋಪವಿಲ್ಲ, ವಿಶೇಷಣವಿಲ್ಲ. ಆದರೆ ‘ಮೌಖಿಕವಾಗಿ’ ಅನ್ನುವ ಒಂದು ಶಬ್ದ ಕೂತಿರುತ್ತದೆ, ಸಾಹೇಬರು ಅದನ್ನು ಓದುತ್ತಾರೆ. ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳ ಮೊಕದ್ದಮೆಯಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅಧಿಕಾರಿಗಳು ಬಾಯಿಮಾತಿನ ಸೂಚನೆಯ ಮೇಲೆ ನಡೆಯಬಾರದು, ಅಂಥ ಸೂಚನೆ ಬಂದರೆ ದಾಖಲಿಸಬೇಕು. ಈ ತೀರ್ಪನ್ನು ನೀನು ಟಿಪ್ಪಣಿಯಲ್ಲಿ ಉಲ್ಲೇಖಿಸಬೇಡ. ತಲೆಯಲ್ಲಿಟ್ಟುಕೋ, ಬೆನ್ನು ನೆಟ್ಟಗಿರುತ್ತದೆ. ನನ್ನ ಅನುಭವದಲ್ಲಿ ಹತ್ತಕ್ಕೆ ಏಳೆಂಟು ಸಲ ವಿಷಯ ಇಲ್ಲೇ ತಣ್ಣಗಾಗುತ್ತದೆ. ಸಾಹೇಬರಿಗೂ ಮೇಲಿನಿಂದ ಒತ್ತಡ ಇರುತ್ತದೆ. ‘ಹುಡುಗ ಬರೆಯುತ್ತಿಲ್ಲ’ ಅನ್ನುವ ನೆಪ ಅವರಿಗೂ ಬೇಕಾಗಿರುತ್ತದೆ.

ಇಷ್ಟೆಲ್ಲ ಮಾಡಿಯೂ ಅನುದಾನ ಲ್ಯಾಪ್ಸ್ ಆಗಬಹುದು. ಮುಂದಿನ ಸಾಲಿನಲ್ಲಿ ಮುಂದುವರಿದ ಕಾಮಗಾರಿಗಳ ಪಟ್ಟಿ ಉದ್ದ ಇದ್ದು ನಿನ್ನ ಕೊಠಡಿ ಅದರಲ್ಲಿ ಬಾರದೆ ಹೋಗಬಹುದು. ಊರಿನವರು ನಿನ್ನನ್ನೇ ಬಯ್ಯುತ್ತಾರೆ, ಸಾಹೇಬರನ್ನಲ್ಲ. ಹೆಡ್‌ಮಾಸ್ಟರ ಮುಖ ನೋಡಲು ನಿನಗೆ ಕಷ್ಟವಾಗುತ್ತದೆ. ನಿಜ ಬರೆದವನಿಗೆ ಕೊಠಡಿ ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಟ್ಟರೆ ಅದು ನನ್ನ ಸುಳ್ಳು. ಆಗಲೂ ಬರೆಯಬೇಡ ಅಂತಲೇ ನನ್ನ ಮಾತು.

ಇನ್ನು ಆ ಗಾಡಿ. ಸೈಟುಗಳು ನಲವತ್ತು ಕಿಲೋಮೀಟರ್ ದೂರ ಚದುರಿಕೊಂಡಿವೆ, ಇಲಾಖೆಯ ವಾಹನ ನಿನ್ನ ದರ್ಜೆಗೆ ಇಲ್ಲ, ಬಸ್ಸು ದಿನಕ್ಕೆರಡು. ಕಂಟ್ರಾಕ್ಟರ್ ಬೊಲೆರೊ ತಂದು ರೂಮಿನ ಮುಂದೆ ನಿಲ್ಲಿಸುತ್ತಾನೆ. ಮಧ್ಯಾಹ್ನ ಊಟದ ಬಿಲ್ ಅವನೇ ಕೊಡುತ್ತಾನೆ, ನೀನು ಪರ್ಸ್ ತೆಗೆದರೆ ‘ಬಿಡಿ ಸಾರ್, ಏನ್ ಮಹಾ’ ಅನ್ನುತ್ತಾನೆ. ದೀಪಾವಳಿಗೆ ಸ್ವೀಟ್ ಬಾಕ್ಸ್. ನಿಮ್ಮಮ್ಮನ ಕಣ್ಣಿನ ಆಪರೇಷನ್‌ಗೆ ಅವನೇ ಕಾರು ಕಳಿಸಿದ್ದ ಅಂತ ಅವಳೇ ಖುಷಿಯಿಂದ ಹೇಳಿದಳು. ಇದ್ಯಾವುದೂ ಲಂಚ ಅಂತ ನಾನು ಹೇಳುವುದಿಲ್ಲ, ನೀನೂ ಅಂದುಕೊಂಡಿಲ್ಲ. ಆದರೆ ಅಳತೆ ತೆಗೆಯುವಾಗ ಟೇಪಿನ ಇನ್ನೊಂದು ತುದಿ ಯಾರ ಕೈಯಲ್ಲಿರುತ್ತದೆ? ಅವನ ಮೇಸ್ತ್ರಿಯ ಕೈಯಲ್ಲಿ. ಅಂಕಿ ಓದಿ ಹೇಳುವವನು ಅವನು, ಬರೆದುಕೊಳ್ಳುವವನು ನೀನು. ಅವನ ಗಾಡಿಯಲ್ಲಿ ಬಂದು, ಅವನ ಊಟ ಉಂಡು, ಅವನ ಟೇಪು ಹಿಡಿದು ‘ಇಲ್ಲಪ್ಪ, ಇದು ಕಮ್ಮಿ ಇದೆ’ ಅನ್ನಲು ನಾಲಿಗೆ ಹೊರಳುವುದಿಲ್ಲ. ಮಾರ್ಚ್‌ನಲ್ಲಿ ನಿನಗೆ ‘ಆಗಲ್ಲ’ ಅನ್ನುವುದು ಇಷ್ಟು ಕಷ್ಟವಾಗಿರುವುದು ಜೂನ್‌ನಿಂದ ಆ ಗಾಡಿ ಹತ್ತಿದ್ದರಿಂದ. ಬೈಕ್ ತೆಗೆದುಕೊಂಡು ಹೋಗು. ಪೆಟ್ರೋಲಿಗೆ ಸಂಬಳದಲ್ಲಿ ಒಂದು ಪಾಲು ಹೋಗುತ್ತದೆ, ಹೋಗಲಿ. ಹೊಸ ಕಾರಿಗೆ ಸಾಲ ಮಾಡುವ ಯೋಚನೆ ಇದೆಯಂತಲ್ಲ, ಪ್ರೊಬೇಷನ್ ಮುಗಿಯುವವರೆಗೆ ತಡೆ. ತಿಂಗಳ ಕಂತು ಕಟ್ಟುವವನಿಗೆ ವರ್ಗಾವಣೆಯ ಹೆದರಿಕೆ ದುಪ್ಪಟ್ಟು.

ಒಂದು ಎಚ್ಚರಿಕೆ ಇದೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಂದು ಸಲ ಗಟ್ಟಿಯಾಗಿ ನಿಂತ ಮೇಲೆ ಕೆಲವರಿಗೆ ಅದರ ಅಮಲು ಏರುತ್ತದೆ. ಎಲ್ಲರೂ ಕಳ್ಳರು, ನಾನೊಬ್ಬನೇ ಸಾಚಾ ಅಂತ ಕಚೇರಿಯಲ್ಲಿ ಯಾರ ಜತೆಗೂ ಕೂತು ಊಟ ಮಾಡುವುದಿಲ್ಲ. ಸರಿಯಾದ ಬಿಲ್ಲಿಗೂ ಹತ್ತು ಆಕ್ಷೇಪಣೆ ಹಾಕಿ ವಾರಗಟ್ಟಲೆ ಕೂರಿಸುತ್ತಾರೆ. ಲಂಚ ಮುಟ್ಟದವರು ಕಡತವನ್ನೂ ಮುಟ್ಟದವರಾದರೆ ಊರಿಗೇನು ಬಂತು? ನಮ್ಮ ಶಾಖೆಯಲ್ಲಿ ಅಂಥವರೊಬ್ಬರಿದ್ದರು. ಅವರಿಗಿಂತ ಕಮಿಷನ್ ಕೇಳುವವರೇ ವಾಸಿ ಅಂತ ಜನ ಬಹಿರಂಗವಾಗಿ ಅನ್ನುತ್ತಿದ್ದರು. ಎಂಥ ಮಾತು ನೋಡು! ಸಾಹೇಬರ ಜತೆ ಇನ್ನು ಮುಂದೆಯೂ ನಗುನಗುತ್ತ ಮಾತಾಡು. ಅವರ ಮಗಳ ಪರೀಕ್ಷೆ ಹೇಗಾಯಿತು ಅಂತ ಕೇಳು. ಆ ಒಂದು ಸಾಲು ಬಿಟ್ಟು ಉಳಿದದ್ದರಲ್ಲೆಲ್ಲ ಅವರು ಹೇಳಿದ ಹಾಗೆ ಕೇಳು. ಸರ್ಕಾರಿ ಕೆಲಸಕ್ಕೊಂದು, ಸ್ವಂತಕ್ಕೊಂದು ಅನ್ನುವ ಸರ್ ಎಂ. ವಿಶ್ವೇಶ್ವರಯ್ಯನವರ ಮೇಣದಬತ್ತಿಯ ಕತೆ ಮಾತ್ರ ಯಾರಿಗೂ ಹೇಳಬೇಡ. ಸೆಪ್ಟೆಂಬರ್ 15ಕ್ಕೆ, ಎಂಜಿನಿಯರುಗಳ ದಿನದಂದು, ಅದನ್ನು ಹೇಳುವುದಕ್ಕೆ ಬೇರೆಯವರಿದ್ದಾರೆ, ಅವರಲ್ಲಿ ಎಷ್ಟು ಜನರ ಎಂ.ಬಿ. ನನ್ನ ಮೇಜಿನ ಮೇಲೆ ಬಂದಿತ್ತು ಅಂತ ಕೇಳಬೇಡ.

ನಿಮ್ಮಮ್ಮನಿಗೆ ಈಗಲೇ ಏನೂ ಹೇಳಬೇಡ, ಗಾಬರಿಯಾಗಿ ‘ಎಲ್ಲರ ಹಾಗೆ ಬರೆದು ಬಾರೋ’ ಅಂದರೂ ಅಂದಾಳು. ಅವಳನ್ನು ಒಪ್ಪಿಸುವ ಕೆಲಸ ನನಗೆ ಬಿಡು. ಟಿಪ್ಪಣಿಯನ್ನು ಭಾನುವಾರ ಸಂಜೆಯೊಳಗೆ ಬರೆದು ಫೋಟೋ ತೆಗೆದು ನನಗೆ ವಾಟ್ಸ್ಆಪ್ ಮಾಡು, ಕಾಗುಣಿತ ಸಮೇತ ತಿದ್ದಿ ಕಳಿಸುತ್ತೇನೆ. ಸೋಮವಾರ ಬೆಳಿಗ್ಗೆ ಟಪಾಲಿನಲ್ಲಿ ಕೊಡುವಾಗ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡ. ಟಪಾಲು ಗುಮಾಸ್ತರು ಹನ್ನೊಂದಕ್ಕೆ ಮೊದಲು ಬರುವುದಿಲ್ಲ, ಕಾದು ಕೊಡು.

ಇಂತಿ,
ದೊಡ್ಡಮ್ಮ